ಕಣದ ಅಳತೆ, ಸದನದ ಅಳತೆ: ಸಂತೆಮರಹಳ್ಳಿ ಸೀಮೆಯಲ್ಲಿ ಪಡಿತರ, ಪಗಾರ ಮತ್ತು ಜನರ ಅಸಮಾಧಾನ

ಖಜಾನೆಯಿಂದ ಬಡವರಿಗೆ ಸಲ್ಲುವ ನೆರವನ್ನೂ ಅದೇ ಖಜಾನೆಯಿಂದ ಆಳುವವರಿಗೆ ಸಲ್ಲುವ ಸಂಬಳವನ್ನೂ ಅಕ್ಕಪಕ್ಕದಲ್ಲಿಟ್ಟು ತೂಗಿನೋಡುವ ರೂಢಿ ಕರ್ನಾಟಕದಲ್ಲಿ 2023ರ ಗ್ಯಾರಂಟಿ ಯೋಜನೆಗಳ ಜೊತೆಗೆ ಹುಟ್ಟಿದ್ದೆಂದು ಭಾವಿಸುವವರು ಹಲವರಿದ್ದಾರೆ. 2025ರ ಮಾರ್ಚ್ ತಿಂಗಳಲ್ಲಿ ಶಾಸಕರ ವೇತನ ಒಂದೇ ಏಟಿಗೆ ಇಮ್ಮಡಿಯಾದಾಗ ಚಹಾದಂಗಡಿಯಿಂದ ಸಂಪಾದಕೀಯದವರೆಗೆ ಕೇಳಿಬಂದ ಮಾತುಗಳು ಈ ಭಾವನೆಯನ್ನು ಇನ್ನಷ್ಟು ಗಟ್ಟಿಗೊಳಿಸಿದವು. ಆದರೆ ಚಾಮರಾಜನಗರ ಜಿಲ್ಲೆಯ ಸಂತೆಮರಹಳ್ಳಿ ಮತ್ತು ಅದರ ಸುತ್ತಲಿನ ಸೀಮೆಯ ಕಳೆದ ಎರಡು ಶತಮಾನಗಳ ಇತಿಹಾಸವನ್ನು ಗಮನಿಸಿದರೆ, ಊರಿನ ಕೆಲಸ ಮಾಡುವವನಿಗೆ ಎಷ್ಟು ಸಲ್ಲಬೇಕು, ಹಸಿದವನಿಗೆ ಎಷ್ಟು ಸಲ್ಲಬೇಕು, ಇವೆರಡನ್ನೂ ಅಳೆಯುವವನು ಯಾರು ಎಂಬ ಪ್ರಶ್ನೆಗಳು ಬಹಳ ಹಳೆಯವು ಎಂಬುದೂ, ಕಾಲದಿಂದ ಕಾಲಕ್ಕೆ ಬದಲಾದದ್ದು ಪ್ರಶ್ನೆಗಳಲ್ಲ, ಅಳತೆ ನಡೆಯುವ ಜಾಗ ಮಾತ್ರ ಎಂಬುದೂ ಸ್ಪಷ್ಟವಾಗುತ್ತದೆ.

ಹೆಸರೇ ಸೂಚಿಸುವಂತೆ ಸಂತೆಯ ಊರಾದ ಸಂತೆಮರಹಳ್ಳಿಯು ಚಾಮರಾಜನಗರ ತಾಲ್ಲೂಕಿನ ಹೋಬಳಿ ಕೇಂದ್ರವಾಗಿದ್ದು, ಜಿಲ್ಲಾ ಕೇಂದ್ರದಿಂದ ಯಳಂದೂರು, ಕೊಳ್ಳೇಗಾಲದ ಕಡೆಗೂ ತಿರುಮಕೂಡಲು ನರಸೀಪುರದ ಕಡೆಗೂ ಹೋಗುವ ದಾರಿಗಳು ಸೇರುವ ಸ್ಥಳವಾಗಿದೆ. ಸುವರ್ಣಾವತಿ ನದಿಯ ನೀರು, ಹಿಪ್ಪುನೇರಳೆ, ರೇಷ್ಮೆ, ರಾಗಿ, ಭತ್ತ ಮತ್ತು ಬೇರೆಯವರ ಜಮೀನಿನಲ್ಲಿ ದುಡಿಯುವ ಕೂಲಿ ಇವು ಈ ಸೀಮೆಯ ಬದುಕಿನ ಆಧಾರಗಳು. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಗೆ ಮುಂಚೆ ಕಾಲ್ನಡಿಗೆಯ ದೂರದೊಳಗೆ ಮೂರು ಬಗೆಯ ಆಡಳಿತಗಳು ಇಲ್ಲಿ ಒಂದನ್ನೊಂದು ಮುಟ್ಟಿಕೊಂಡಿದ್ದವು: ಸಂತೆಮರಹಳ್ಳಿ ಇರುವ ಚಾಮರಾಜನಗರ ತಾಲ್ಲೂಕು ಮೈಸೂರು ಸಂಸ್ಥಾನದ ನೇರ ಆಡಳಿತದಲ್ಲಿತ್ತು, ಪಕ್ಕದ ಯಳಂದೂರು ಜಹಗೀರಾಗಿತ್ತು, ಅದರಾಚೆಯ ಕೊಳ್ಳೇಗಾಲವು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆಳುವವರ ಸಂಬಳ ಮತ್ತು ಬಡವರ ಅನ್ನದ ಚರಿತ್ರೆಯನ್ನು ಬರೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಸೀಮೆ ಹಳೆಯ ಮೈಸೂರಿನಲ್ಲಿ ಬೇರೆ ಸಿಗುವುದು ಕಷ್ಟ.

ಯಳಂದೂರಿನಿಂದಲೇ ಆರಂಭಿಸಬಹುದು. ಟಿಪ್ಪುವಿನ ಆಡಳಿತದಲ್ಲಿ ಹಣಕಾಸು ನೋಡಿಕೊಂಡು, 1799ರ ನಂತರ ಬಾಲಕನಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ ಪರವಾಗಿ ರಾಜ್ಯಭಾರ ನಡೆಸಿದ ದಿವಾನ್ ಪೂರ್ಣಯ್ಯನವರಿಗೆ ಅವರ ಸೇವೆಯ ಮನ್ನಣೆಯಾಗಿ 1807ರಲ್ಲಿ ಯಳಂದೂರನ್ನು ಜಹಗೀರಾಗಿ, ಅಂದರೆ ಕಂದಾಯದ ಹುಟ್ಟುವಳಿಯನ್ನು ವಂಶಪಾರಂಪರ್ಯವಾಗಿ ಅನುಭವಿಸುವ ಹಕ್ಕಿನೊಡನೆ, ಕೊಡಲಾಯಿತು. ಪೂರ್ಣಯ್ಯನವರು 1812ರಲ್ಲಿ ತೀರಿಕೊಂಡರೂ ಜಹಗೀರು ಅವರ ವಂಶದಲ್ಲೇ ಮುಂದುವರಿಯಿತು. 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದ ಪಿ. ಎನ್. ಕೃಷ್ಣಮೂರ್ತಿಯವರು ಆ ಮನೆತನದವರೇ ಆಗಿದ್ದರು. ಒಬ್ಬ ಅಧಿಕಾರಿಯ ಸೇವೆಗೆ ಒಂದು ಸೀಮೆಯ ರೈತರು ತಲೆಮಾರುಗಟ್ಟಲೆ ಪಿಂಚಣಿ ಕಟ್ಟಿದಂತಾದ ಈ ವ್ಯವಸ್ಥೆಯನ್ನು ಆ ಕಾಲದಲ್ಲಿ ಯಾರೂ ಸೋಮಾರಿತನದ ಪೋಷಣೆ ಎಂದು ಕರೆಯಲಿಲ್ಲ. ಪೂರ್ಣಯ್ಯನವರ ದಕ್ಷತೆಯ ಬಗ್ಗೆ ಎರಡು ಮಾತಿಲ್ಲ, ಆದರೆ ದುಡಿಯದ ಮುಂದಿನ ಪೀಳಿಗೆಗಳಿಗೂ ಸಲ್ಲುತ್ತ ಹೋದ ಹುಟ್ಟುವಳಿಯು ರಾಜಮರ್ಯಾದೆ ಎನಿಸಿಕೊಂಡಿತು, ಹೊಲದಲ್ಲಿ ದಿನವಿಡೀ ದುಡಿದವನಿಗೆ ಬರಗಾಲದಲ್ಲಿ ಕೊಟ್ಟ ಗಂಜಿ ಮಾತ್ರ ದಾನ ಎನಿಸಿಕೊಂಡಿತು ಎಂಬ ಭೇದವನ್ನು ಗುರುತಿಸದೆ ಮುಂದಿನ ಕಥೆ ಅರ್ಥವಾಗುವುದಿಲ್ಲ.

ಹಳ್ಳಿಯ ಮಟ್ಟದಲ್ಲಿ ವ್ಯವಸ್ಥೆ ಬೇರೆಯಾಗಿತ್ತು. ಮೈಸೂರು ಸೀಮೆಯ ಊರುಗಳಲ್ಲಿ ಆಯಗಾರರು ಎಂಬ ಹನ್ನೆರಡು ಮಂದಿಯ ವ್ಯವಸ್ಥೆ ಬಹುಕಾಲದಿಂದ ನಡೆದುಬಂದಿತ್ತು. ಊರಿನ ಯಜಮಾನಿಕೆ ಮತ್ತು ಕಂದಾಯ ವಸೂಲಿಯನ್ನು ನೋಡುವ ಪಟೇಲ, ಲೆಕ್ಕ ಬರೆಯುವ ಶಾನುಭೋಗ, ಕಾವಲು ಕಾಯುವ ತಳವಾರ, ಗಡಿ ಗುರುತು ಹೇಳುವ ಮತ್ತು ಊರ ಓಲೆ ಒಯ್ಯುವ ತೋಟಿ, ಕೆರೆ ತೂಬು ತೆರೆದು ನೀರು ಹಂಚುವ ನೀರುಗಂಟಿ, ಇವರ ಜೊತೆಗೆ ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ ಮೊದಲಾದವರು ಈ ಗುಂಪಿಗೆ ಸೇರಿದ್ದರು. ಇವರಿಗೆ ಸಲ್ಲುತ್ತಿದ್ದ ಪ್ರತಿಫಲದಲ್ಲಿ ಎರಡು ಬಗೆಗಳಿದ್ದವು: ಒಂದು ಇನಾಮು, ಅಂದರೆ ಕಂದಾಯವಿಲ್ಲದ ಅಥವಾ ಕಡಿಮೆ ಕಂದಾಯದ ಜಮೀನು, ಇನ್ನೊಂದು ಆಯ, ಅಂದರೆ ಸುಗ್ಗಿಯಲ್ಲಿ ಪ್ರತಿ ರೈತನ ಕಣದಿಂದ ಸಿಗುವ ಧಾನ್ಯದ ಪಾಲು.

ಆಯ ಅಳೆಯುವ ಕ್ರಮವನ್ನು ತುಸು ಹತ್ತಿರದಿಂದ ನೋಡಬೇಕು. ಬಡಿದು, ತೂರಿ, ಕಾಳು ಒಂದೆಡೆ ಕೂಡಿದ ಮೇಲೆ ರಾಶಿಗೆ ಪೂಜೆಯಾಗುತ್ತಿತ್ತು. ಪೂಜೆಯ ನಂತರ ಮನೆಗೆ ಸಾಗಿಸುವ ಮುಂಚೆ ಆಯಗಾರರು ಕಣದ ಅಂಚಿನಲ್ಲಿ ತಮ್ಮ ತಮ್ಮ ಸರದಿಗೆ ನಿಲ್ಲುತ್ತಿದ್ದರು. ಕೊಳಗ ಸೇರುಗಳಲ್ಲಿ ಅಳೆದದ್ದು ಅವರ ಸೆರಗಿಗೋ ಮೊರಕ್ಕೋ ಚೀಲಕ್ಕೋ ಬೀಳುತ್ತಿತ್ತು. ನೀರು ಸರಿಯಾಗಿ ಬಿಡದ ನೀರುಗಂಟಿಗೆ, ನೇಗಿಲ ಗುಳ ಹೊತ್ತಿಗೆ ಸರಿಯಾಗಿ ಹದ ಹಾಕಿಕೊಡದ ಕಮ್ಮಾರನಿಗೆ ಅದೇ ಕಣದಲ್ಲಿ ಎಲ್ಲರೆದುರು ಮಾತು ಕೇಳಬೇಕಾಗುತ್ತಿತ್ತು. ಊರ ಕೆಲಸಗಾರನ ವರ್ಷದ ದುಡಿಮೆಯನ್ನೂ ಅವನ ಕೂಲಿಯನ್ನೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ, ಕೊಡುವವರ ಕಣ್ಣೆದುರಿನಲ್ಲಿ ಅಳೆಯುತ್ತಿದ್ದ ಕ್ರಮ ಇದು. ಆದರೆ ಇದನ್ನು ಸುವರ್ಣಯುಗವೆಂದು ಕೊಂಡಾಡುವುದು ದೊಡ್ಡ ತಪ್ಪಾಗುತ್ತದೆ. ಕಣದ ಅಂಚಿನಲ್ಲಿ ನಿಂತು ಕೈಯೊಡ್ಡಬೇಕಾಗಿದ್ದವರು ತೋಟಿ ತಳವಾರರಂಥವರೇ ಹೊರತು, ಇನಾಮು ಜಮೀನು ಉಣ್ಣುತ್ತಿದ್ದ ಪಟೇಲ ಶಾನುಭೋಗರಲ್ಲ. ಅಸ್ಪೃಶ್ಯರೆನಿಸಿಕೊಂಡ ಜಾತಿಗಳ ಪಾಲಿಗೆ ತೋಟಿತನವು ಹೆಚ್ಚು ಮಾಡಿ ಕೂಲಿಯಿಲ್ಲದ ಬಿಟ್ಟಿ ಚಾಕರಿಯೇ ಆಗಿತ್ತು. ಎಲ್ಲರೆದುರಿನ ಅಳತೆಯ ಭಾರವು ಕೆಳಗಿನವರ ಮೇಲೆ ಮಾತ್ರ ಬೀಳುವ ಪದ್ಧತಿ ಅಂದೇ ಬೇರೂರಿತ್ತು.

ಈ ಪದ್ಧತಿಯ ಅತ್ಯಂತ ಕ್ರೂರ ರೂಪ ಕಂಡದ್ದು ಜನ ಧಾತು ಈಶ್ವರದ ಬರ ಎಂದು ಕರೆದ 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ. 1871ರಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆಗ ಮೈಸೂರು ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು, ಕೊಳ್ಳೇಗಾಲವಂತೂ ನೇರವಾಗಿ ಮದರಾಸಿನ ಅಧೀನದಲ್ಲಿತ್ತು. ವೈಸರಾಯ್ ಲಿಟ್ಟನ್ 1877ರ ಜನವರಿ 1ರಂದು ದಿಲ್ಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಎಂದು ಘೋಷಿಸುವ ಭಾರಿ ದರ್ಬಾರನ್ನು ನಡೆಸಿದ ಆ ತಿಂಗಳಿನಲ್ಲೇ, ಮದರಾಸು ಪ್ರಾಂತದ ಪರಿಹಾರ ವೆಚ್ಚವನ್ನು ತಗ್ಗಿಸಲು ಕಳುಹಿಸಲಾಗಿದ್ದ ಸರ್ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಎಂದರೆ ಸುಮಾರು 450 ಗ್ರಾಂ ಧಾನ್ಯಕ್ಕೆ ಸಾಲುವ ಹಣ ಮತ್ತು ಅದರ ಮೇಲೆ ಅಲ್ಪ ಚಿಲ್ಲರೆ ಸಾಕೆಂದು ನಿಗದಿಪಡಿಸಿದ. ಹೆಚ್ಚು ಕೊಟ್ಟರೆ ಜನ ಕೆಲಸ ಬಿಟ್ಟು ಪರಿಹಾರಕ್ಕೇ ಅಂಟಿಕೊಳ್ಳುತ್ತಾರೆ ಎಂಬುದು ಈ ಕಡಿತದ ಹಿಂದಿನ ತರ್ಕವಾಗಿತ್ತು. ಮದರಾಸಿನ ನೈರ್ಮಲ್ಯ ಕಮಿಷನರ್ ಆಗಿದ್ದ ಡಾ. ಕಾರ್ನಿಷ್ ಈ ಪ್ರಮಾಣದ ಆಹಾರದಲ್ಲಿ ಕಲ್ಲು ಮಣ್ಣು ಹೊರುವವನು ಬದುಕಲಾರನೆಂದು ಲಿಖಿತವಾಗಿ ಪ್ರತಿಭಟಿಸಿದ ಮೇಲೆ, ಕೆಲವೇ ತಿಂಗಳುಗಳಲ್ಲಿ ಕೂಲಿಯನ್ನು ಏರಿಸಬೇಕಾಯಿತು. ಬಡವನಿಗೆ ಅನ್ನ ಕೊಟ್ಟರೆ ಅವನು ಸೋಮಾರಿಯಾಗುತ್ತಾನೆ ಎಂಬ ಮಾತು ಈ ಸೀಮೆಯಲ್ಲಿ ಕನಿಷ್ಠ 1877ರಷ್ಟು ಹಳೆಯದು ಎಂಬುದನ್ನೂ, ಆ ಮಾತನ್ನು ಆಡಿದವರು ದರ್ಬಾರಿನ ವೆಚ್ಚದ ಬಗ್ಗೆ ಲೆಕ್ಕ ಕೇಳಲಿಲ್ಲ ಎಂಬುದನ್ನೂ ಇತಿಹಾಸಕಾರರು ಜೊತೆಗಿಟ್ಟೇ ದಾಖಲಿಸಬೇಕು.

ಇತ್ತೀಚಿನ ಲೆಕ್ಕಕ್ಕೆ ಒಂದು ಹೋಲಿಕೆಯನ್ನು ಇಲ್ಲಿಯೇ ಮಾಡಬಹುದು. 2025ರಲ್ಲಿ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ 5 ಕಿಲೋ ಮತ್ತು ರಾಜ್ಯದ ಹೆಚ್ಚುವರಿ 5 ಕಿಲೋ ಸೇರಿ ಒಬ್ಬ ವ್ಯಕ್ತಿಗೆ ತಿಂಗಳಿಗೆ 10 ಕಿಲೋ ಅಕ್ಕಿ ಸಲ್ಲುತ್ತಿತ್ತು, ಎಂದರೆ ದಿನಕ್ಕೆ ಸುಮಾರು 333 ಗ್ರಾಂ. ಅದು ಟೆಂಪಲ್‌ನ ಪೌಂಡಿಗಿಂತ ಕಡಿಮೆ. ಉಪ್ಪು, ಎಣ್ಣೆ, ಬೇಳೆ, ಸೌದೆ ಅಥವಾ ಗ್ಯಾಸು, ಮಕ್ಕಳ ಶಾಲೆ, ಮೈ ಹುಷಾರಿಲ್ಲದಾಗಿನ ಖರ್ಚು ಇವೆಲ್ಲಕ್ಕೂ ಕೂಲಿಗೆ ಹೋಗಲೇಬೇಕು. ಈ ಅಕ್ಕಿಯಿಂದ ಮನುಷ್ಯ ದುಡಿಮೆ ಬಿಡುತ್ತಾನೆ ಎಂಬ ವಾದವು ಅಕ್ಕಿಯನ್ನು ತೂಗಿ ನೋಡದವರ ವಾದ.

ಕ್ಷಾಮದ ಸಾಲದ ಹೊರೆಯೊಡನೆ 1881ರಲ್ಲಿ ಒಡೆಯರ ವಂಶಕ್ಕೆ ರಾಜ್ಯ ಮರಳಿದಾಗ ದಿವಾನ್ ರಂಗಾಚಾರ್ಲು ಅವರು ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದರು. ಅದೇ ವರ್ಷದ ಅಕ್ಟೋಬರ್ 7ರಂದು ಮೈಸೂರಿನಲ್ಲಿ ಸೇರಿದ ಅದರ ಮೊದಲ ಸಭೆಗೆ 144 ಮಂದಿಯನ್ನು ಕರೆಸಲಾಗಿತ್ತು. ದಸರೆಯ ದಿನಗಳಲ್ಲಿ ಕೂಡುತ್ತಿದ್ದ ಈ ಸಭೆಗೆ ತಾಲ್ಲೂಕುಗಳಿಂದ ಹೋಗುತ್ತಿದ್ದವರು ತಿಳಿವಳಿಕೆಯುಳ್ಳ, ಪ್ರಭಾವವುಳ್ಳ ಜಮೀನುದಾರರು ಮತ್ತು ವರ್ತಕರು. ಕಾನೂನು ಮಾಡುವ ಅಧಿಕಾರ ಅವರಿಗಿರಲಿಲ್ಲ; ಸರ್ಕಾರದ ವರದಿಯನ್ನು ಕೇಳಿ, ತಮ್ಮ ತಾಲ್ಲೂಕಿನ ಕೆರೆ, ರಸ್ತೆ, ಕಂದಾಯ, ಶಾಲೆಗಳ ಅಹವಾಲನ್ನು ಹೇಳಿಕೊಂಡು ಹಿಂದಿರುಗುತ್ತಿದ್ದರು. ಪ್ರತಿನಿಧಿತ್ವವೆಂಬುದು ಅಲ್ಲಿ ಜೀವನೋಪಾಯವಾಗಿರಲಿಲ್ಲ, ಜೀವನಕ್ಕೆ ಬೇರೆ ಆಧಾರ ಇದ್ದವರಿಗೆ ದೊರೆಯುತ್ತಿದ್ದ ಗೌರವವಾಗಿತ್ತು. ಸಂಬಳ ಪಡೆಯದ ಪ್ರತಿನಿಧಿ ಎಂದರೆ ತ್ಯಾಗಿ ಎಂಬ ಭಾವನೆ ಇಂದಿಗೂ ಜನಮನದಲ್ಲಿ ಉಳಿದಿದೆ. ಆದರೆ ಆ ತ್ಯಾಗವನ್ನು ಮಾಡುವ ಶಕ್ತಿ ಯಾರಿಗಿತ್ತು ಎಂದು ಕೇಳಿದಾಗ, ತೋಟಿಯ ಮಗನಿಗೂ ಕೂಲಿಯಾಳಿನ ಮಗನಿಗೂ ಆ ಸಭೆಯ ಬಾಗಿಲು ಏಕೆ ಮುಚ್ಚಿತ್ತು ಎಂಬುದು ತಾನಾಗಿಯೇ ತಿಳಿಯುತ್ತದೆ.

ಇಂಗ್ಲೆಂಡಿನ ಇತಿಹಾಸ ಈ ಅಂಶವನ್ನು ಇನ್ನೂ ಸ್ಪಷ್ಟಪಡಿಸುತ್ತದೆ. 1838ರಲ್ಲಿ ಅಲ್ಲಿನ ಕಾರ್ಮಿಕರ ಚಾರ್ಟಿಸ್ಟ್ ಚಳವಳಿಯು ಮುಂದಿಟ್ಟ ಆರು ಬೇಡಿಕೆಗಳಲ್ಲಿ ಪಾರ್ಲಿಮೆಂಟಿನ ಸದಸ್ಯರಿಗೆ ಸಂಬಳ ಕೊಡಬೇಕು ಎಂಬುದೂ ಒಂದು. ಬಡವರ ಪ್ರತಿನಿಧಿ ಉಪವಾಸವಿರದೆ ಸದನದಲ್ಲಿ ಕುಳಿತುಕೊಳ್ಳಲು ಸಾಧ್ಯವಾಗಬೇಕು ಎಂಬುದು ಅದರ ಆಶಯವಾಗಿತ್ತು. ಆ ಬೇಡಿಕೆ ಈಡೇರಿದ್ದು 1911ರಲ್ಲಿ, ವರ್ಷಕ್ಕೆ 400 ಪೌಂಡಿನ ಸಂಬಳದೊಂದಿಗೆ. ಎಪ್ಪತ್ತು ದಾಟಿದ ಬಡವರಿಗೆ ವಾರಕ್ಕೆ ಐದು ಶಿಲಿಂಗಿನವರೆಗೆ ಪಿಂಚಣಿ ಕೊಡುವ ಕಾನೂನು ಅಲ್ಲಿ ಜಾರಿಗೆ ಬಂದು ಆಗ ಎರಡು ವರ್ಷಗಳಾಗಿದ್ದವು. ಬಡವರ ಪಿಂಚಣಿಯೂ ಪ್ರತಿನಿಧಿಯ ಸಂಬಳವೂ ಒಂದೇ ರಾಜಕೀಯ ಅಲೆಯ ಫಲಗಳಾಗಿದ್ದವು, ಒಂದಕ್ಕೊಂದು ಎದುರಾಳಿಗಳಾಗಿರಲಿಲ್ಲ.

ಭಾರತದ ಸಂವಿಧಾನದ 195ನೆಯ ಅನುಚ್ಛೇದವು ರಾಜ್ಯದ ಶಾಸಕರ ವೇತನ ಭತ್ಯೆಗಳನ್ನು ಆಯಾ ವಿಧಾನಮಂಡಲವೇ ಕಾನೂನಿನ ಮೂಲಕ ನಿರ್ಧರಿಸಬೇಕೆಂದು ಹೇಳುತ್ತದೆ. ಅದರಂತೆ 1956ರಲ್ಲಿ ರೂಪುಗೊಂಡ ವೇತನ, ಪಿಂಚಣಿ ಮತ್ತು ಭತ್ಯೆಗಳ ಅಧಿನಿಯಮವೇ ತಿದ್ದುಪಡಿಗಳೊಂದಿಗೆ ಇಂದಿಗೂ ನಡೆಯುತ್ತಿದೆ. ಸಂತೆಮರಹಳ್ಳಿಯ ಮಟ್ಟಿಗೆ ಈ ವೇತನಕ್ಕೆ ವಿಶೇಷ ಅರ್ಥವಿತ್ತು, ಏಕೆಂದರೆ ಸಂತೆಮರಹಳ್ಳಿ ವಿಧಾನಸಭಾ ಕ್ಷೇತ್ರವು ಪರಿಶಿಷ್ಟ ಜಾತಿಗೆ ಮೀಸಲಾಗಿತ್ತು. ಈ ಕ್ಷೇತ್ರವನ್ನು ಪ್ರತಿನಿಧಿಸಿದವರಲ್ಲಿ ಪ್ರಮುಖರಾದ ಆಲೂರಿನ ಬಿ. ರಾಚಯ್ಯನವರು ರಾಜ್ಯದಲ್ಲಿ ಸಚಿವರಾಗಿ, ಮುಂದೆ ಹಿಮಾಚಲ ಪ್ರದೇಶ ಮತ್ತು ಕೇರಳದ ರಾಜ್ಯಪಾಲರಾಗಿ ಸೇವೆ ಸಲ್ಲಿಸಿದರು. ಕಣದ ಅಂಚಿನಲ್ಲಿ ನಿಲ್ಲಬೇಕಾಗಿದ್ದ ಸಮುದಾಯಗಳಿಂದ ಬಂದವರು ಒಂದು ತಲೆಮಾರಿನೊಳಗೆ ಸದನದ ನಡುವೆ ಕುಳಿತದ್ದು ಇಪ್ಪತ್ತನೆಯ ಶತಮಾನದಲ್ಲಿ ಈ ಸೀಮೆ ಕಂಡ ದೊಡ್ಡ ಬದಲಾವಣೆ. ಆಯಗಾರರ ವ್ಯವಸ್ಥೆಯ ಸರ್ಕಾರಿ ಭಾಗವನ್ನು ಕಾನೂನು ಕಿತ್ತುಹಾಕಿದ್ದೂ ಇದೇ ಅವಧಿಯಲ್ಲಿ: 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆಯು 1963ರ ಫೆಬ್ರವರಿ 1ರಂದು ಜಾರಿಗೆ ಬಂದಾಗ ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆ, ತೋಟಿತನಗಳು ಒಟ್ಟಿಗೆ ಕೊನೆಗೊಂಡು, ಸರ್ಕಾರದಿಂದ ಸಂಬಳ ಪಡೆಯುವ ಗ್ರಾಮ ಲೆಕ್ಕಿಗರು ಬಂದರು. ಅಲ್ಲಿಂದ ಮುಂದೆ ಊರಿನ ಕೆಲಸಗಾರನ ಕೂಲಿ ಊರಿನ ಕಣ್ಣಿಗೆ ಬೀಳುವುದು ನಿಂತಿತು.

ಜನರು ತಮ್ಮ ಪ್ರತಿನಿಧಿಯನ್ನು ಅಳೆಯಲು ಉಳಿದ ಒಂದೇ ಸಾಧನ ಐದು ವರ್ಷಕ್ಕೊಮ್ಮೆ ಬರುವ ಮತವಾಗಿತ್ತು. ಆ ಅಳತೆ ಎಷ್ಟು ಸೂಕ್ಷ್ಮವಾಗಿರಬಲ್ಲದು ಎಂಬುದಕ್ಕೂ ಸಂತೆಮರಹಳ್ಳಿಯೇ ಉದಾಹರಣೆ. 2004ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತಗಳೂ, ರಾಚಯ್ಯನವರ ಪುತ್ರರಾದ ಜಾತ್ಯತೀತ ಜನತಾದಳದ ಎ. ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತಗಳೂ ಬಂದು, ಒಂದೇ ಒಂದು ಮತದ ಅಂತರದಲ್ಲಿ ಫಲಿತಾಂಶ ನಿರ್ಧಾರವಾಯಿತು. ಸೋತ ಅಭ್ಯರ್ಥಿಯ ಕಾರಿನ ಚಾಲಕನಿಗೆ ಅಂದು ಕೆಲಸದ ನಡುವೆ ಮತ ಹಾಕಿ ಬರುವುದಕ್ಕೆ ಬಿಡುವಾಗಲಿಲ್ಲ ಎಂಬ ಸುದ್ದಿಯನ್ನು ಪತ್ರಿಕೆಗಳು ಹಲವು ಬಾರಿ ಬರೆದಿವೆ. ದಿನಗೂಲಿಯ ಅಥವಾ ತಿಂಗಳ ಸಂಬಳದ ಬಡ ಕೆಲಸಗಾರನಿಗೆ ತನ್ನ ಹೊತ್ತಿನ ಮೇಲೆ ತನಗೇ ಅಧಿಕಾರವಿರುವುದಿಲ್ಲ ಎಂಬ ಸಾಮಾನ್ಯ ಸಂಗತಿ ಆ ಸುದ್ದಿಯ ತಿರುಳು. ಕ್ಷೇತ್ರ ಪುನರ್ವಿಂಗಡಣೆಯ ನಂತರ, 2008ರ ಚುನಾವಣೆಯಿಂದ, ಸಂತೆಮರಹಳ್ಳಿ ಎಂಬ ಹೆಸರಿನ ಕ್ಷೇತ್ರವೇ ಇಲ್ಲವಾಯಿತು. ಧ್ರುವನಾರಾಯಣ ಅವರು ಮುಂದೆ ಚಾಮರಾಜನಗರದಿಂದ ಎರಡು ಬಾರಿ ಲೋಕಸಭೆಗೆ ಆಯ್ಕೆಯಾಗಿ 2023ರ ಮಾರ್ಚಿನಲ್ಲಿ ನಿಧನರಾದರು. ಅದೇ ವರ್ಷ ಕೃಷ್ಣಮೂರ್ತಿ ಅವರು ಕಾಂಗ್ರೆಸ್ ಅಭ್ಯರ್ಥಿಯಾಗಿ ಕೊಳ್ಳೇಗಾಲದಿಂದ ಗೆದ್ದರು.

ಆಳುವವರ ಕೆಲಸದ ಹೊತ್ತಿನ ಬಗ್ಗೆ ಈ ಜಿಲ್ಲೆಯ ಜನರಿಗಿರುವ ಅಸಮಾಧಾನಕ್ಕೆ ಇನ್ನೊಂದು ವಿಶಿಷ್ಟ ಕಾರಣವೂ ಇದೆ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾರೆ ಎಂಬ ಮೂಢನಂಬಿಕೆ ದೇವರಾಜ ಅರಸು, ಗುಂಡೂರಾವ್, ರಾಮಕೃಷ್ಣ ಹೆಗಡೆ, ಎಸ್. ಆರ್. ಬೊಮ್ಮಾಯಿ, ವೀರೇಂದ್ರ ಪಾಟೀಲರ ನಿರ್ಗಮನಗಳಿಗೆ ತಳುಕು ಹಾಕಿಕೊಂಡು ಬೆಳೆಯಿತು. 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಹೊಸ ಜಿಲ್ಲೆಯಾದಾಗ ಮುಖ್ಯಮಂತ್ರಿ ಜೆ. ಎಚ್. ಪಟೇಲರು ಅದನ್ನು ಉದ್ಘಾಟಿಸಿದ್ದು ಜಿಲ್ಲಾ ಕೇಂದ್ರದಲ್ಲಲ್ಲ, ದೂರದ ಮಲೆ ಮಹದೇಶ್ವರ ಬೆಟ್ಟದಲ್ಲಿ. ಅನಂತರದ ಹಲವು ಮುಖ್ಯಮಂತ್ರಿಗಳೂ ಪಟ್ಟಣದಿಂದ ದೂರವೇ ಉಳಿದರು. 2007ರಲ್ಲಿ ಎಚ್. ಡಿ. ಕುಮಾರಸ್ವಾಮಿ, 2013ರಲ್ಲಿ ಜಗದೀಶ ಶೆಟ್ಟರ್ ಬಂದುಹೋದರು. ಸಿದ್ದರಾಮಯ್ಯನವರು 2013ರಿಂದ ಮತ್ತೆ ಮತ್ತೆ ಬಂದು ಐದು ವರ್ಷದ ಅವಧಿಯನ್ನು ಪೂರೈಸಿದ ಮೇಲೆ ಆ ನಂಬಿಕೆಯ ಬೆನ್ನೆಲುಬು ಮುರಿಯಿತು. 2025ರ ಏಪ್ರಿಲ್ 24ರಂದು ಸಚಿವ ಸಂಪುಟದ ಸಭೆಯೇ ಮಲೆ ಮಹದೇಶ್ವರ ಬೆಟ್ಟದಲ್ಲಿ ನಡೆಯಿತು. ಆದರೂ ಕುಡಿಯುವ ನೀರು, ಆಸ್ಪತ್ರೆ, ಸೋಲಿಗ ಬುಡಕಟ್ಟಿನವರ ಹಾಡಿಗಳ ರಸ್ತೆ ಮೊದಲಾದ ಮೂಲಭೂತ ಅಗತ್ಯಗಳಿಗೆ ಹೆಣಗುತ್ತಿದ್ದ ಒಂದು ಸೀಮೆಗೆ ರಾಜ್ಯದ ಅತ್ಯುನ್ನತ ಸಂಬಳದಾರರು ಕುರ್ಚಿಯ ಭಯದಿಂದ ವರ್ಷಗಟ್ಟಲೆ ಬಾರದೆ ಹೋದದ್ದು ಕ್ಷಮಿಸಲಾಗದ ಸಂಗತಿ. ಕೂಲಿಯಾಳು ಒಂದು ದಿನ ಹೊಲಕ್ಕೆ ಬಾರದಿದ್ದರೆ ಅಂದಿನ ಕೂಲಿ ಹೋಗುತ್ತದೆ, ಜಿಲ್ಲೆಗೆ ಬಾರದ ಮುಖ್ಯಮಂತ್ರಿಯ ವೇತನದಲ್ಲಿ ಬಿಡಿಗಾಸೂ ಕಡಿತವಾಗಲಿಲ್ಲ.

ನೆರವಿನ ಯೋಜನೆಗಳ ಇತಿಹಾಸವನ್ನು ಇಲ್ಲಿ ಚುಟುಕಾಗಿ ಹೇಳಿದರೆ ಸಾಕು. 1985ರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರ ಹಸಿರು ಕಾರ್ಡಿನ ಕುಟುಂಬಗಳಿಗೆ ಕಿಲೋಗೆ 2 ರೂಪಾಯಿಯಂತೆ ಅಕ್ಕಿ ಕೊಟ್ಟಿತು. 1995ರಲ್ಲಿ ಆರಂಭವಾದ ಕೇಂದ್ರದ ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು ತಿಂಗಳಿಗೆ 75 ರೂಪಾಯಿ ಇದ್ದು 2006ರಲ್ಲಿ 200 ರೂಪಾಯಿಯಾಯಿತು. ಎಂಬತ್ತರೊಳಗಿನ ವೃದ್ಧರಿಗೆ ಕೇಂದ್ರ ಕೊಡುವ ಆ ಪಾಲು ಎರಡು ದಶಕಗಳ ಕಾಲ ಅಲ್ಲಿಯೇ ನಿಂತಿತು. ರಾಜ್ಯದ ಸಂಧ್ಯಾ ಸುರಕ್ಷಾ ಪಿಂಚಣಿಯನ್ನು 1,000 ರೂಪಾಯಿಯಿಂದ 1,200ಕ್ಕೆ ಏರಿಸುವ ಘೋಷಣೆ 2021ರ ಜುಲೈನಲ್ಲಿ ಆಯಿತು. 2013ರ ಜುಲೈನಲ್ಲಿ ಬಡ ಕುಟುಂಬಗಳಿಗೆ ಅಕ್ಕಿ ಕೊಡುವ ಅನ್ನಭಾಗ್ಯ ಬಂತು. 2023ರಲ್ಲಿ ಮಹಿಳೆಯರಿಗೆ ಉಚಿತ ಬಸ್ಸಿನ ಶಕ್ತಿ, 200 ಯೂನಿಟ್‌ವರೆಗಿನ ಗೃಹಜ್ಯೋತಿ, ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿಯ ಗೃಹಲಕ್ಷ್ಮಿ ಮೊದಲಾದ ಗ್ಯಾರಂಟಿ ಯೋಜನೆಗಳು ಬಂದವು. ಪ್ರತಿ ಯೋಜನೆಯೂ ತನ್ನ ಹಿಂದೆಯೇ ಗೊಣಗಾಟವನ್ನೂ ಕರೆತಂದಿತು. ಅನ್ನಭಾಗ್ಯದಿಂದ ಜನ ಸೋಮಾರಿಗಳಾಗುತ್ತಾರೆಂದು ಕೆಲವು ಹೆಸರಾಂತ ಲೇಖಕರೂ ಹೇಳಿದರು. ನಾಟಿಗೂ ಕಳೆಗೂ ಆಳು ಸಿಕ್ಕುವುದಿಲ್ಲವೆಂದು ಜಮೀನುದಾರರು ದೂರಿದರು, ಬೆಟ್ಟಕ್ಕೆ ಹೋಗುವ ಬಸ್ಸಿನಲ್ಲಿ ಗಂಡಸರಿಗೆ ನಿಲ್ಲಲೂ ಜಾಗವಿಲ್ಲವೆಂದು ಟಿಕೆಟು ಕೊಂಡವರು ಸಿಡಿಮಿಡಿಗೊಂಡರು. ಇವುಗಳಲ್ಲಿ ಆಳಿನ ದೂರನ್ನು ಗಂಭೀರವಾಗಿ ಪರಿಗಣಿಸಲೇಬೇಕು, ಏಕೆಂದರೆ ಎರಡು ಮೂರು ಎಕರೆಯ ಸಣ್ಣ ರೈತನಿಗೆ ಕೂಲಿ ದುಬಾರಿಯಾದದ್ದು ನಿಜವಾದ ಸಂಕಟವೇ. ಆದರೆ ಕಾರಣ ಸೋಮಾರಿತನವಲ್ಲ. ಅರೆಹೊಟ್ಟೆಯಲ್ಲಿ ಸಿಕ್ಕ ಕೂಲಿಗೆ ಬರಲೇಬೇಕಾದ ಒತ್ತಾಯ ತಪ್ಪಿದ್ದು, ಯುವಕರು ಮೈಸೂರು ಬೆಂಗಳೂರುಗಳ ಕೆಲಸಕ್ಕೆ ಹೊರಟದ್ದು.

ಶಾಸಕರ ವೇತನದ ಏರಿಕೆಗಳು ನಡೆದ ರೀತಿ, ಹೀಗೆ ಎಲ್ಲರ ಬಾಯಲ್ಲಿ ಚರ್ಚೆಯಾದ ನೆರವಿನ ಯೋಜನೆಗಳ ರೀತಿಗೆ ಪೂರ್ಣ ವಿರುದ್ಧವಾಗಿತ್ತು. 2022ರ ಫೆಬ್ರವರಿಯಲ್ಲಿ ವಿರೋಧಪಕ್ಷದವರು ಸದನದ ಬಾವಿಯಲ್ಲಿ, ಅಂದರೆ ಸಭಾಧ್ಯಕ್ಷರ ಪೀಠದ ಮುಂದಿನ ಅಂಗಳದಲ್ಲಿ, ಬೇರೆ ವಿಷಯಕ್ಕೆ ಧರಣಿ ಕುಳಿತಿದ್ದಾಗಲೇ ಶಾಸಕರ ಮೂಲವೇತನವನ್ನು 25,000 ರೂಪಾಯಿಯಿಂದ 40,000ಕ್ಕೆ ಏರಿಸುವ ಮಸೂದೆ ಚರ್ಚೆಯಿಲ್ಲದೆ ಅಂಗೀಕಾರವಾಯಿತು. 2025ರ ಮಾರ್ಚ್ 21ರಂದು ಪಕ್ಷಗಳ ಜಾಗ ಅದಲುಬದಲಾಗಿತ್ತು, ವಿಧಾನ ಮಾತ್ರ ಹಾಗೆಯೇ ಇತ್ತು. ವಿರೋಧಪಕ್ಷದ ಗದ್ದಲ ನಡೆದು, 18 ಮಂದಿ ಶಾಸಕರನ್ನು ಆರು ತಿಂಗಳು ಅಮಾನತುಗೊಳಿಸಿದ ಆ ದಿನವೇ ಶಾಸಕರ ವೇತನ 80,000ಕ್ಕೂ, ಸಚಿವರದು 60,000ದಿಂದ 1,25,000ಕ್ಕೂ, ಮುಖ್ಯಮಂತ್ರಿಯದು 75,000ದಿಂದ 1,50,000ಕ್ಕೂ, ಮಾಜಿ ಶಾಸಕರ ಪಿಂಚಣಿ 50,000ದಿಂದ 75,000ಕ್ಕೂ ಏರಿದವು. ಕ್ಷೇತ್ರ ಪ್ರವಾಸದ ಭತ್ಯೆ, ದೂರವಾಣಿ ವೆಚ್ಚ, ಆಪ್ತ ಸಿಬ್ಬಂದಿಯ ವೆಚ್ಚ ಮೊದಲಾದವು ಬೇರೆ. ಬೇರೆಲ್ಲ ವಿಷಯಗಳಲ್ಲಿ ಹಾವು ಮುಂಗುಸಿಯಂತಿದ್ದ ಪಕ್ಷಗಳಿಂದ ಈ ಒಂದು ವಿಷಯದಲ್ಲಿ ಮಾತ್ರ ಪ್ರಬಲವಾದ ವಿರೋಧದ ಮಾತು ಬರಲಿಲ್ಲ. ಇದಕ್ಕೆ ಹೋಲಿಸಿದರೆ, 2025-26ರಲ್ಲಿ ಗ್ರಾಮೀಣ ಉದ್ಯೋಗ ಖಾತ್ರಿ ಯೋಜನೆಯ ದಿನಗೂಲಿ 370 ರೂಪಾಯಿ ಇತ್ತು. ನೂರು ದಿನವೂ ಕೆಲಸ ಸಿಕ್ಕಿದರೆ ಒಂದು ಕುಟುಂಬಕ್ಕೆ ವರ್ಷಕ್ಕೆ 37,000 ರೂಪಾಯಿ. ಮಾಜಿ ಶಾಸಕರೊಬ್ಬರ ಅರ್ಧ ತಿಂಗಳ ಪಿಂಚಣಿಗಿಂತ ಅದು ಕಡಿಮೆ.

ಹಾಗೆಂದು ಈ ಎರಡು ವೆಚ್ಚಗಳನ್ನು ಮೊತ್ತದ ಲೆಕ್ಕದಲ್ಲಿ ಎದುರುಬದುರು ನಿಲ್ಲಿಸುವುದು ನ್ಯಾಯವಲ್ಲ. 2025-26ರ ಆಯವ್ಯಯದಲ್ಲಿ ಐದು ಗ್ಯಾರಂಟಿಗಳಿಗೆ ಇಟ್ಟ ಹಣ 51,034 ಕೋಟಿ ರೂಪಾಯಿ. ಶಾಸಕರ, ಸಚಿವರ ವೇತನ ಏರಿಕೆಯಿಂದಾದ ಹೆಚ್ಚುವರಿ ಹೊರೆ ಅದರ ಮುಂದೆ ಬಹಳ ಸಣ್ಣದು. ಶಾಸಕರ ಸಂಬಳವನ್ನು ಪೂರ್ತಿ ನಿಲ್ಲಿಸಿದರೂ ಗೃಹಲಕ್ಷ್ಮಿಯ ಒಂದು ತಿಂಗಳ ಕಂತಿಗೂ ಅದು ಸಾಲದು. ಶಾಸಕರ ಕೆಲಸ ಸದನದಲ್ಲಿ ಮಾತ್ರ ನಡೆಯುವುದಿಲ್ಲ ಎಂಬುದೂ ನಿಜ. ಮದುವೆ, ತಿಥಿ, ಗುದ್ದಲಿ ಪೂಜೆ, ಆಸ್ಪತ್ರೆಗೆ ಸೇರಿಸಲು ಫೋನು, ವರ್ಗಾವಣೆಗೆ ಪತ್ರ, ಠಾಣೆಯಲ್ಲಿ ಸಿಕ್ಕಿಬಿದ್ದವರ ಪರವಾಗಿ ಮಾತು, ಇವೆಲ್ಲವನ್ನೂ ಮತದಾರರೇ ಬೇಡುತ್ತಾರೆ, ಒದಗಿಸದವರನ್ನು ಸೋಲಿಸುತ್ತಾರೆ. ಮೀಸಲು ಕ್ಷೇತ್ರದಿಂದ ಬರುವ, ಹಿರಿಯರ ಆಸ್ತಿಯಿಲ್ಲದ ಶಾಸಕರಿಗೆ ಮರ್ಯಾದೆಯ ಸಂಬಳ ಬೇಕೇಬೇಕು. ಅದಿಲ್ಲದಿದ್ದರೆ ಸದನವು ಮತ್ತೆ 1881ರ ಜಮೀನುದಾರರ ಸಭೆಯಾಗುತ್ತದೆ, ಅಥವಾ ಇನ್ನೂ ಕೆಟ್ಟದಾಗಿ ಗಣಿ ಮತ್ತು ಗುತ್ತಿಗೆಯ ಹಣದವರ ಸಭೆಯಾಗುತ್ತದೆ.

ಅನ್ಯಾಯವಿರುವುದು ಮೊತ್ತದಲ್ಲಲ್ಲ, ಅಳತೆಯಲ್ಲಿ. ನ್ಯಾಯಬೆಲೆ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತ ಮುದುಕಿ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತುತ್ತಾಳೆ. ಕಳೆ ಕಿತ್ತು ಬೆರಳ ಗೆರೆ ಸವೆದಿದ್ದರೆ ಯಂತ್ರ ಒಪ್ಪುವುದಿಲ್ಲ, ಕೈ ಒರೆಸಿಕೊಂಡು ಮತ್ತೊಮ್ಮೆ ಒತ್ತಬೇಕು. ಸರ್ವರ್ ಇಲ್ಲವೆಂದರೆ ಅಂದಿನ ಕೂಲಿ ಬಿಟ್ಟು ನಾಳೆ ಮತ್ತೆ ಬರಬೇಕು. ಅಕ್ಕಿ ತೂಗುವುದು ಹತ್ತು ಜನರ ಎದುರಿನಲ್ಲಿ. ಉದ್ಯೋಗ ಖಾತ್ರಿಯ ಕೆಲಸದಲ್ಲಿ 2023ರ ಜನವರಿ 1ರಿಂದ ದಿನಕ್ಕೆ ಎರಡು ಬಾರಿ ಕೆಲಸದ ಸ್ಥಳದಲ್ಲೇ ಫೋಟೊ ತೆಗೆದು ಮೊಬೈಲ್ ಆ್ಯಪಿಗೆ ಏರಿಸುವುದು ಕಡ್ಡಾಯವಾಯಿತು. ಕೆರೆ ಹೂಳೆತ್ತುವ ಹೆಂಗಸು ಬೆಳಿಗ್ಗೆಯ ಫೋಟೊದಲ್ಲಿದ್ದು ಮಧ್ಯಾಹ್ನದ ಫೋಟೊದಲ್ಲಿ ಇಲ್ಲದಿದ್ದರೆ ಕೂಲಿಗೆ ಸಂಚಕಾರ. ಇನ್ನೊಂದೆಡೆ, ವಿಧಾನಮಂಡಲದಲ್ಲಿ ಸರ್ಕಾರಿ ಕಾರ್ಯಕಲಾಪ ನಡೆಸುವ ಬಗೆಗೆ ಶಾಸಕರು ತಾವೇ 2005ರಲ್ಲಿ ಮಾಡಿಕೊಂಡ ಕಾಯಿದೆಯು ವರ್ಷಕ್ಕೆ ಕನಿಷ್ಠ 60 ದಿನ ಸದನ ನಡೆಯಬೇಕೆಂದು ಹೇಳುತ್ತದೆ; ಅನಂತರದ ಬಹುಪಾಲು ವರ್ಷಗಳಲ್ಲಿ ಕಲಾಪ ಆ ಸಂಖ್ಯೆಯನ್ನು ಮುಟ್ಟಿಲ್ಲ. ಅದಕ್ಕಾಗಿ ಯಾರ ವೇತನವೂ ತಡೆಹಿಡಿಯಲ್ಪಟ್ಟಿಲ್ಲ. ಊಟದ ನಂತರ ಸದನ ಖಾಲಿಯಾಗುವುದನ್ನು ತಪ್ಪಿಸಲು 2025ರ ಬಜೆಟ್ ಅಧಿವೇಶನದಲ್ಲಿ ಶಾಸಕರಿಗೆ ಒರಗಿ ವಿಶ್ರಮಿಸುವ ಕುರ್ಚಿಗಳನ್ನು ಒದಗಿಸುವ ಏರ್ಪಾಟಾಯಿತು. ಮಧ್ಯಾಹ್ನದ ಬಿಸಿಲಿನಲ್ಲಿ ಎರಡನೆಯ ಫೋಟೊಗಾಗಿ ಕಾಯುವ ಕೂಲಿಯವರಿಗೆ ಕೆಲಸದ ಸ್ಥಳದಲ್ಲಿ ನೆರಳು ಕೊಡಬೇಕೆಂದು ಉದ್ಯೋಗ ಖಾತ್ರಿ ಕಾನೂನು ಹೇಳಿತ್ತು, ಆದರೆ ನೆರಳಿಲ್ಲದ ಕೆಲಸದ ಸ್ಥಳಗಳು ಬಹಳವಿದ್ದವು.

ಜನರ ಅಸಮಾಧಾನವು ಪಕ್ಕದ ಮನೆಯ ಹೆಂಗಸಿನ ಖಾತೆಗೆ ಬಂದ 2,000 ರೂಪಾಯಿಯ ಮೇಲೆ ಬೇಗ ತಿರುಗುವುದಕ್ಕೂ, ವಿಧಾನಸೌಧದಲ್ಲಿ ಗದ್ದಲದ ನಡುವೆ ಏರಿದ ಸಂಬಳದ ಮೇಲೆ ಎರಡು ದಿನ ಉರಿದು ಆರಿಹೋಗುವುದಕ್ಕೂ ಕಾರಣ ಇದೇ. ಕಣ್ಣಿಗೆ ಬೀಳುವುದನ್ನು ಜನ ಅಳೆಯುತ್ತಾರೆ. ಆಹಾರ ಭದ್ರತಾ ಕಾಯಿದೆಯೂ ಉದ್ಯೋಗ ಖಾತ್ರಿ ಕಾಯಿದೆಯೂ ಫಲಾನುಭವಿಗಳ ದಾಖಲೆಯನ್ನು ಬಹಿರಂಗಪಡಿಸುವುದನ್ನು ಮತ್ತು ಸಾಮಾಜಿಕ ಪರಿಶೋಧನೆಯನ್ನು, ಅಂದರೆ ಗ್ರಾಮಸಭೆಯಲ್ಲಿ ಎಲ್ಲರೆದುರು ಲೆಕ್ಕ ಓದಿ ಒಪ್ಪಿಸುವುದನ್ನು, ವಿಧಿಸಿವೆ. ಶಾಸಕರ ಹಾಜರಾತಿ, ಅವರು ಕೇಳಿದ ಪ್ರಶ್ನೆಗಳು, ಸದನ ನಡೆದ ದಿನಗಳು, ಪಡೆದ ವೇತನ ಮತ್ತು ಭತ್ಯೆ ಇವುಗಳ ವಿವರವನ್ನು ಅದೇ ಗ್ರಾಮಸಭೆಯಲ್ಲಿ ಓದಬೇಕೆಂದು ವಿಧಿಸುವ ಕಾನೂನು ಕರ್ನಾಟಕದಲ್ಲಿ ಇಲ್ಲ. ವೇತನ ಪರಿಷ್ಕರಣೆಯನ್ನು ಶಾಸಕರಲ್ಲದವರ ಸ್ವತಂತ್ರ ಸಮಿತಿಯ ಶಿಫಾರಸಿಗೆ ಬಿಟ್ಟು, ಸದನದಲ್ಲಿ ಹೆಸರು ಹಿಡಿದು ಮತ ಹಾಕಿಸಿ, ಆ ವಿವರವನ್ನು ಪಡಿತರದ ಪಟ್ಟಿ ಅಂಟಿಸುವ ಪಂಚಾಯಿತಿ ಫಲಕದ ಮೇಲೆಯೇ ಅಂಟಿಸುವಂತೆ ಸಂತೆಮರಹಳ್ಳಿಯ ಗ್ರಾಮಸಭೆಯೂ ಸೇರಿ ರಾಜ್ಯದ ಪ್ರತಿ ಗ್ರಾಮಸಭೆ ನಿರ್ಣಯ ಮಾಡಿ ಸರ್ಕಾರಕ್ಕೆ ಕಳುಹಿಸಬೇಕು.